ಕೊನೆಯ ರಾಜ್ಯ ಮತ ಹಾಕುವವರೆಗೆ

ಕೇಳುಗರಿಗೆ ನಮಸ್ಕಾರ.

2008ರ ಮಾರ್ಚ್ ತಿಂಗಳ ಕೊನೆಯ ಮಾತಿದು. ಅಮೆರಿಕದ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಚುನಾವಣೆಗೆ ಯಾರು ನಿಲ್ಲಬೇಕು ಎಂಬ ಪೈಪೋಟಿಯಲ್ಲಿ ಇಬ್ಬರೇ ಉಳಿದಿದ್ದರು. ಬರಾಕ್ ಒಬಾಮಾ ಮುಂದಿದ್ದರು, ಹಿಲರಿ ಕ್ಲಿಂಟನ್ ಹಿಂದಿದ್ದರು. ಒಬಾಮಾ ಪರವಾಗಿದ್ದ ವರ್ಮಾಂಟ್ ರಾಜ್ಯದ ಹಿರಿಯ ಸೆನೆಟರ್ ಪ್ಯಾಟ್ರಿಕ್ ಲೇಹಿ ಬಹಿರಂಗವಾಗಿಯೇ ಒಂದು ಮಾತು ಹೇಳಿದರು. ಹಿಲರಿಗೆ ಗೆಲ್ಲುವ ದಾರಿ ಉಳಿದಿಲ್ಲ, ಅವರು ಕಣದಿಂದ ಹಿಂದೆ ಸರಿಯಬೇಕು ಎಂದರು. ಅದೇ ಮಾತನ್ನು ಇನ್ನೂ ಹಲವರು ಆಡಿದರು. ಆದರೆ ಆ ಹೊತ್ತಿಗೆ ಇನ್ನೂ ಎಂಟು ರಾಜ್ಯಗಳಲ್ಲಿ ಮತದಾನವೇ ಆಗಿರಲಿಲ್ಲ.

ನನಗೆ ಆ ಸಲಹೆ ಆಗಲೂ ಸರಿ ಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ. ಯಾಕೆ ಅಂತ ಹೇಳುವ ಮೊದಲು ಅಲ್ಲಿನ ಪದ್ಧತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮಲ್ಲಿ ಪಕ್ಷದ ಟಿಕೆಟ್ ಬಹುಮಟ್ಟಿಗೆ ಹೈಕಮಾಂಡ್ ಕೈಯಲ್ಲಿದೆ. ಟಿಕೆಟ್ ತಪ್ಪಿದವರು ಸುಮ್ಮನಾಗಬೇಕು, ಇಲ್ಲವೇ ಬಂಡಾಯ ನಿಲ್ಲಬೇಕು. ಅಮೆರಿಕದಲ್ಲಿ ಟಿಕೆಟ್ಟಿಗೂ ಒಂದು ಚುನಾವಣೆ ನಡೆಯುತ್ತದೆ. ಅದಕ್ಕೆ ಪ್ರೈಮರಿ ಎನ್ನುತ್ತಾರೆ. ಬೆಳಗಾವಿಯಲ್ಲಿ ಬೆಳೆದು ಅಮೆರಿಕಕ್ಕೆ ಹೋದ ಶ್ರೀ ಥಾನೇದಾರ್ ಅವರು 2018ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ ಆಗಬೇಕೆಂದು ಹೊರಟಾಗಲೂ ಮೊದಲು ಪ್ರೈಮರಿಗೇ ನಿಲ್ಲಬೇಕಾಯಿತು. ಅಲ್ಲಿ ಮೂರನೆಯವರಾಗಿ ಸೋತರು. ನಾಲ್ಕು ವರ್ಷದ ನಂತರ ಇನ್ನೊಂದು ಪ್ರೈಮರಿ ಗೆದ್ದು, ಆಮೇಲೆ ಚುನಾವಣೆಯನ್ನೂ ಗೆದ್ದು ಅಮೆರಿಕದ ಸಂಸತ್ತಿಗೆ ಹೋದರು.

ಒಂದು ರಾಜ್ಯದ ಪ್ರೈಮರಿ ಒಂದೇ ದಿನದಲ್ಲಿ ಮುಗಿಯುತ್ತದೆ. ಅಧ್ಯಕ್ಷ ಸ್ಥಾನದ್ದು ಹಾಗಲ್ಲ. ಅಲ್ಲಿ ರಾಜ್ಯಗಳು ಸರದಿಯ ಮೇಲೆ ಮತ ಹಾಕುತ್ತವೆ. 2008ರಲ್ಲಿ ಜನವರಿ 3ಕ್ಕೆ ಅಯೋವಾದಲ್ಲಿ ಶುರುವಾದದ್ದು ಜೂನ್ 3ಕ್ಕೆ ಮೊಂಟಾನಾ ಮತ್ತು ದಕ್ಷಿಣ ಡಕೋಟಾದಲ್ಲಿ ಮುಗಿಯಿತು. ಪೂರಾ ಐದು ತಿಂಗಳು! ಡೆಮಾಕ್ರಟಿಕ್ ಪಕ್ಷದಲ್ಲಿ ಪ್ರತಿ ರಾಜ್ಯದಲ್ಲೂ ಅಭ್ಯರ್ಥಿಗಳಿಗೆ ಮತದ ಪ್ರಮಾಣಕ್ಕೆ ತಕ್ಕಂತೆ ಪ್ರತಿನಿಧಿಗಳು ಸಿಗುತ್ತಾರೆ. ಆ ಪ್ರತಿನಿಧಿಗಳು ಪಕ್ಷದ ಮಹಾಧಿವೇಶನದಲ್ಲಿ ಸೇರಿ ಅಭ್ಯರ್ಥಿಯನ್ನು ಆರಿಸುತ್ತಾರೆ.

ಹಿಂದೆ ಬಿದ್ದವರ ಕಷ್ಟ ಈ ಲೆಕ್ಕದಲ್ಲೇ ಇದೆ. ಫೆಬ್ರುವರಿಯಲ್ಲಿ ಒಬಾಮಾ ಸಾಲಾಗಿ ಹನ್ನೊಂದು ಕಡೆ ಗೆದ್ದರು. ಮಾರ್ಚ್ 4ರಂದು ಹಿಲರಿ ಒಹಾಯೊ ಎಂಬ ದೊಡ್ಡ ರಾಜ್ಯವನ್ನು ಚೆನ್ನಾಗಿಯೇ ಗೆದ್ದರು. ಆದರೆ ಪ್ರತಿನಿಧಿಗಳನ್ನು ಹಂಚಿದಾಗ ಅವರಿಗೆ 74, ಒಬಾಮಾಗೆ 67. ಅಷ್ಟು ದೊಡ್ಡ ಗೆಲುವಿನಿಂದ ಸಿಕ್ಕ ಲಾಭ ಬರೀ ಏಳು. ನೂರಕ್ಕೂ ಜಾಸ್ತಿ ಇದ್ದ ಅಂತರ ಹೀಗೆ ಮುಚ್ಚುವುದಿಲ್ಲ ಅಂತ ಲೆಕ್ಕ ಬಲ್ಲವರಿಗೆಲ್ಲ ಗೊತ್ತಿತ್ತು. ಅದೇ ದಿನ ಎದುರಿನ ರಿಪಬ್ಲಿಕನ್ ಪಕ್ಷದಲ್ಲಿ ಜಾನ್ ಮೆಕೇನ್ ಅವರ ಉಮೇದುವಾರಿಕೆ ಖಚಿತವಾಗಿತ್ತು. ಅವರು ಆರಾಮಾಗಿ ನವೆಂಬರ್‌ಗೆ ತಯಾರಾಗುತ್ತಿರುವಾಗ ನಾವು ಮನೆಯೊಳಗೇ ಬಡಿದಾಡುವುದು ಸರಿಯೇ ಎಂಬುದು ಲೇಹಿ ಅಂಥವರ ಚಿಂತೆ. ಅದು ಪಕ್ಷದ ಮೇಲಿನ ಕಾಳಜಿಯಿಂದ ಬಂದ ಮಾತು, ನಾನು ಅದನ್ನು ಹಗುರವಾಗಿ ನೋಡುವುದಿಲ್ಲ.

ಆದರೆ ಆಮೇಲೆ ಏನಾಯಿತು ನೋಡಿ.

ಹಿಲರಿ ಸರಿಯಲಿಲ್ಲ. ಹಾಗಾಗಿ ಇಬ್ಬರೂ ಇಂಡಿಯಾನಾಗೆ ಹೋಗಲೇಬೇಕಾಯಿತು, ಉತ್ತರ ಕ್ಯಾರೊಲಿನಾಗೂ ಹೋಗಲೇಬೇಕಾಯಿತು. ಮೇ 6ರಂದು ಅಲ್ಲಿ ಮತದಾನ. ಇಂಡಿಯಾನಾದ ಡೆಮಾಕ್ರಟಿಕ್ ಪ್ರೈಮರಿಗೆ 1968ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಹೊರಟಿದ್ದ ರಾಬರ್ಟ್ ಕೆನಡಿ ಬಂದು ಹೋದ ಮೇಲೆ ಅಷ್ಟು ಮಹತ್ವ ಬಂದೇ ಇರಲಿಲ್ಲ. ಸರದಿ ಅಲ್ಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿರುತ್ತಿತ್ತು. ಈ ಸಲ ಇಬ್ಬರು ಅಭ್ಯರ್ಥಿಗಳೂ ಸಣ್ಣಪುಟ್ಟ ಪಟ್ಟಣಗಳಿಗೆ ಹೋಗಿ ಮತ ಕೇಳಿದರು. ಕಚೇರಿ ತೆರೆದರು, ಹೊಸ ಮತದಾರರ ಹೆಸರು ಬರೆಸಿದರು, ಕಾರ್ಯಕರ್ತರನ್ನು ಕಟ್ಟಿದರು. ಉತ್ತರ ಕ್ಯಾರೊಲಿನಾದಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಆ ಪ್ರೈಮರಿಯಲ್ಲಿ ಮತ ಹಾಕಿದರು. ಅಲ್ಲಿ ಒಬಾಮಾ ಗೆದ್ದರು, ಇಂಡಿಯಾನಾದಲ್ಲಿ ಹಿಲರಿ ಕೂದಲೆಳೆಯಲ್ಲಿ ಗೆದ್ದರು.

ನವೆಂಬರ್ ಬಂತು. ನಾಲ್ಕು ವರ್ಷದ ಹಿಂದೆ ಇಂಡಿಯಾನಾದಲ್ಲಿ ಬುಷ್ 20 ಶೇಕಡಾಕ್ಕೂ ಹೆಚ್ಚಿನ ಅಂತರದಿಂದ ಗೆದ್ದಿದ್ದರು. 1964ರಿಂದ ಆ ರಾಜ್ಯ ಯಾವ ಡೆಮಾಕ್ರಟ್‌ಗೂ ಒಲಿದಿರಲಿಲ್ಲ. ಉತ್ತರ ಕ್ಯಾರೊಲಿನಾ 1976ರ ನಂತರ ಒಲಿದಿರಲಿಲ್ಲ. ಒಬಾಮಾ ಎರಡನ್ನೂ ಗೆದ್ದರು. ಇಂಡಿಯಾನಾದಲ್ಲಿ ಸುಮಾರು 28 ಸಾವಿರ, ಉತ್ತರ ಕ್ಯಾರೊಲಿನಾದಲ್ಲಿ ಸುಮಾರು 14 ಸಾವಿರ ಮತಗಳ ಅಂತರ. ಆ ವರ್ಷ ಆರ್ಥಿಕತೆ ಕುಸಿದಿತ್ತು, ಬುಷ್ ಆಡಳಿತದ ಮೇಲೆ ಜನರಿಗೆ ಸಿಟ್ಟಿತ್ತು, ಗೆಲುವಿಗೆ ಅದೂ ಕಾರಣ. ಆದರೆ ಇಷ್ಟು ಸಣ್ಣ ಅಂತರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕಟ್ಟಿದ ಆ ಕಾರ್ಯಕರ್ತರ ಪಡೆಗೆ ಪಾಲಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಪಕ್ಷ ಒಡೆಯುತ್ತದೆ ಅಂತ ಹೆದರಿದ್ದ ಸ್ಪರ್ಧೆಯೇ ಪಕ್ಷದ ಬೇರನ್ನು ಹೊಸ ಮಣ್ಣಿಗೆ ಇಳಿಸಿತ್ತು.

ಹಾಗಂತ ಹಿಲರಿ ಆ ತಿಂಗಳುಗಳಲ್ಲಿ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಮಿಷಿಗನ್ ರಾಜ್ಯ ಪಕ್ಷದ ನಿಯಮ ಮೀರಿ ಜನವರಿಯಲ್ಲೇ ಪ್ರೈಮರಿ ನಡೆಸಿತ್ತು. ಆ ಕಾರಣಕ್ಕೆ ಒಬಾಮಾ ಅಲ್ಲಿನ ಮತಪತ್ರದಿಂದ ತಮ್ಮ ಹೆಸರನ್ನೇ ತೆಗೆಸಿದ್ದರು. ಎದುರಾಳಿಯ ಹೆಸರೇ ಇಲ್ಲದ ಮತಪತ್ರದ ಲೆಕ್ಕವನ್ನೂ ಹಿಲರಿ ತಮ್ಮ ಖಾತೆಗೆ ಹಾಕಿಕೊಂಡು, ಒಟ್ಟು ಮತದಲ್ಲಿ ನಾನೇ ಮುಂದೆ ಎಂದರು. ಅದು ನ್ಯಾಯದ ಮಾತಲ್ಲ. ಮೇ ತಿಂಗಳಲ್ಲಿ ದಕ್ಷಿಣ ಡಕೋಟಾದಲ್ಲಿ, ಸ್ಪರ್ಧೆ ಜೂನ್‌ವರೆಗೆ ನಡೆಯುವುದು ಹೊಸದೇನಲ್ಲ ಎಂದು ಹೇಳಲು ಹೋಗಿ, 1968ರ ಜೂನ್‌ನಲ್ಲಿ ರಾಬರ್ಟ್ ಕೆನಡಿ ಹತ್ಯೆಯಾದದ್ದನ್ನು ಎತ್ತಿದರು. ಒಬಾಮಾ ಪ್ರಾಣದ ಬಗ್ಗೆ ಎಷ್ಟೋ ಜನ ಭಯದಲ್ಲಿದ್ದ ಹೊತ್ತು ಅದು. ಹಿಲರಿ ಅದೇ ದಿನ ವಿಷಾದ ಹೇಳಿದರು, ಆದರೂ ಮಾತು ನೋಯಿಸಿತ್ತು. ಕಣದಲ್ಲಿ ಉಳಿಯುವುದು ಬೇರೆ, ಉಳಿಯಲು ಕೈಗೆ ಸಿಕ್ಕ ಮಾತನ್ನೆಲ್ಲ ಎಸೆಯುವುದು ಬೇರೆ. ಅವರನ್ನು ಟೀಕಿಸಿದವರು ಈ ಎರಡನ್ನೂ ಒಂದೇ ಮಾಡಿದರು ಎಂಬುದೇ ನನ್ನ ತಕರಾರು.

ಇನ್ನೊಂದು ಮಾತನ್ನೂ ಹೇಳಬೇಕು. ಅಷ್ಟು ದೂರ ಬಂದ ಹೆಣ್ಣು ಅಲ್ಲಿ ಅದಕ್ಕೆ ಮೊದಲು ಯಾರೂ ಇರಲಿಲ್ಲ. ಹಿಂದೆ ಬಿದ್ದ ಗಂಡಸರು ಎಷ್ಟೋ ಸಲ ಕೊನೆವರೆಗೆ ಹೋರಾಡಿದ್ದರು, ಅವರನ್ನು ಹಟವಾದಿ, ಛಲಗಾರ ಅಂತ ಹೊಗಳಿದ್ದೂ ಇದೆ. ಈಗ ಒಬ್ಬ ಹೆಂಗಸಿಗೆ ಎಲ್ಲರೂ ಸೇರಿ ದಾರಿ ಬಿಡಮ್ಮಾ ಅಂದರೆ, ಅವರಿಗೆ ಮತ ಹಾಕಿದ ಹೆಂಗಸರಿಗೆ ಹೇಗನ್ನಿಸಬೇಡ? ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕೊನೆಯವರೆಗೂ ಮತ ಎಣಿಸಿ ಸೋತರೆ ಆ ಸೋಲನ್ನು ಒಪ್ಪಬಹುದು. ನಡುವೆ ಎಬ್ಬಿಸಿ ಕಳಿಸಿದರೆ ಅದನ್ನು ಒಪ್ಪುವುದು ಕಷ್ಟ, ಅಲ್ವಾ?

ಜೂನ್ 3ಕ್ಕೆ ಕೊನೆಯ ಮತದಾನ ಮುಗಿಯಿತು. ಜೂನ್ 7ಕ್ಕೆ ಹಿಲರಿ ವಾಷಿಂಗ್ಟನ್‌ನಲ್ಲಿ ತಮ್ಮ ಬೆಂಬಲಿಗರ ಮುಂದೆ ನಿಂತು ಒಬಾಮಾಗೆ ಪೂರ್ತಿ ಬೆಂಬಲ ಘೋಷಿಸಿದರು. ನಡುವೆ ನಾಲ್ಕೇ ದಿನ. ಆ ಹೊತ್ತಿಗೆ ಅವರ ಪ್ರಚಾರದ ಸಾಲ 2 ಕೋಟಿ ಡಾಲರ್ ದಾಟಿತ್ತು. ಅದೇ ತಿಂಗಳು ನ್ಯೂ ಹ್ಯಾಂಪ್‌ಷೈರ್‌ನ ಯೂನಿಟಿ ಎಂಬ ಪುಟ್ಟ ಊರಿನಲ್ಲಿ ಇಬ್ಬರೂ ಒಂದೇ ವೇದಿಕೆಗೆ ಬಂದರು. ಆ ಊರಿನ ಪ್ರೈಮರಿಯಲ್ಲಿ ಇಬ್ಬರಿಗೂ ಸರಿಯಾಗಿ 107 ಮತ ಬಿದ್ದಿತ್ತು. ಆಗಸ್ಟ್‌ನಲ್ಲಿ ಡೆನ್ವರ್ ಅಧಿವೇಶನದಲ್ಲಿ ಎಣಿಕೆಯನ್ನು ಅಲ್ಲಿಗೇ ನಿಲ್ಲಿಸಿ ಒಬಾಮಾ ಅವರನ್ನು ಒಕ್ಕೊರಲಿನಿಂದ ಆರಿಸೋಣ ಎಂದು ಸೂಚಿಸಿದವರು ಹಿಲರಿಯೇ.

ಇದರ ಪಕ್ಕದಲ್ಲಿ 1980ನ್ನು ಇಟ್ಟು ನೋಡಿ. ಎಡ್ವರ್ಡ್ ಕೆನಡಿ ಸ್ವಂತ ಪಕ್ಷದ ಅಧ್ಯಕ್ಷ ಜಿಮ್ಮಿ ಕಾರ್ಟರ್ ವಿರುದ್ಧವೇ ನಿಂತಿದ್ದರು. ಜೂನ್ ಮೊದಲ ವಾರಕ್ಕೆ ಮತದಾನವೆಲ್ಲ ಮುಗಿದು ಕಾರ್ಟರ್‌ಗೆ ಬಹುಮತವೂ ಸಿಕ್ಕಿತ್ತು. ಆದರೂ ಕೆನಡಿ ಎರಡು ತಿಂಗಳು ಬಿಡಲಿಲ್ಲ. ಪ್ರತಿನಿಧಿಗಳು ತಮ್ಮ ರಾಜ್ಯದ ಜನ ಹೇಳಿದವರಿಗೇ ಮತ ಹಾಕಬೇಕೆಂಬ ನಿಯಮವನ್ನೇ ಬದಲಿಸಬೇಕೆಂದು ನ್ಯೂಯಾರ್ಕ್ ಅಧಿವೇಶನದವರೆಗೂ ಹೋರಾಡಿದರು. ನಿಯಮ ಬದಲಾಗಲಿಲ್ಲ. ಕೊನೆಯ ದಿನ ವೇದಿಕೆಯ ಮೇಲೆ ಕಾರ್ಟರ್ ಜೊತೆ ಕೈ ಎತ್ತಿ ನಿಲ್ಲುವ ದೃಶ್ಯವನ್ನೂ ಪಕ್ಷಕ್ಕೆ ಕೊಡಲಿಲ್ಲ. ನವೆಂಬರ್‌ನಲ್ಲಿ ಕಾರ್ಟರ್ ಗೆದ್ದದ್ದು ಆರು ರಾಜ್ಯ ಮತ್ತು ರಾಜಧಾನಿಯನ್ನು ಮಾತ್ರ. ಇರಾನಿನ ಒತ್ತೆಯಾಳುಗಳು, ಬೆಲೆ ಏರಿಕೆ ಇವೆಲ್ಲ ಇದ್ದವು, ಸೋಲನ್ನು ಕೆನಡಿ ತಲೆಗೆ ಕಟ್ಟುವುದು ತಪ್ಪು. ಆದರೆ ಜನ ಮತ ಹಾಕಿ ಮುಗಿಸಿದ ಮೇಲೆ ಅದನ್ನು ತಿರುಗಿಸಲು ಹೋರಾಡುವುದಕ್ಕೂ, ಇನ್ನೂ ಮತ ಹಾಕದವರಿಗಾಗಿ ಕಣದಲ್ಲಿ ಇರುವುದಕ್ಕೂ ಬಹಳ ಅಂತರವಿದೆ. ನಾನು ಗೆರೆ ಎಳೆಯುವುದು ಇಲ್ಲಿ.

ಆ ಗೆರೆಯ ಈಚೆಗೆ ಹಿಂದಿರುವವರು ಉಳಿದರೆ ಏನೇನೋ ಆಗಬಹುದು. 1976ರಲ್ಲಿ ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್ ಕೂಡ ತಮ್ಮದೇ ಪಕ್ಷದ ಅಧ್ಯಕ್ಷ ಫೋರ್ಡ್ ಎದುರು ನ್ಯೂ ಹ್ಯಾಂಪ್‌ಷೈರ್, ಫ್ಲೋರಿಡಾ, ಇಲಿನಾಯ್ ಅಂತ ಒಂದರ ಹಿಂದೆ ಒಂದು ಸೋತಿದ್ದರು. ಹಣ ಖಾಲಿಯಾಗಿತ್ತು. ಸಾಕು ಬಿಡಿ ಅಂತ ಪಕ್ಷದ ದೊಡ್ಡವರು ಹೇಳುತ್ತಿದ್ದರು. ಆಮೇಲೆ ಉತ್ತರ ಕ್ಯಾರೊಲಿನಾ ಗೆದ್ದರು, ಟೆಕ್ಸಾಸ್ ಬಾಚಿಕೊಂಡರು. ಅಧಿವೇಶನದಲ್ಲಿ 1187ಕ್ಕೆ 1070, ಅಷ್ಟು ಹತ್ತಿರ ಬಂದು ಸೋತರು. ನಾಲ್ಕು ವರ್ಷದ ನಂತರ ಅಧ್ಯಕ್ಷರಾದರು. 2020ರಲ್ಲಿ ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಐದನೆಯವರು. ಆ ರಾತ್ರಿಯೇ ಮನೆಗೆ ಹೋಗಿದ್ದರೆ ಫೆಬ್ರುವರಿ 29ರಂದು ದಕ್ಷಿಣ ಕ್ಯಾರೊಲಿನಾದ ಕಪ್ಪು ಮತದಾರರು ತಮ್ಮ ಮನಸ್ಸಿನಲ್ಲಿ ಇದ್ದದ್ದನ್ನು ಹೇಳಲು ಆಗುತ್ತಲೇ ಇರಲಿಲ್ಲ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಡೆಮಾಕ್ರಟಿಕ್ ಪಕ್ಷದ ಕಪ್ಪು ನಾಯಕ ಜೆಸ್ಸಿ ಜಾಕ್ಸನ್ ಅವರ ಕತೆ. 1988ರಲ್ಲಿ ಅವರು ಮೈಕೆಲ್ ಡುಕಾಕಿಸ್ ಅವರಿಗಿಂತ ಹಿಂದೆ ಬಿದ್ದರು. ಗೆಲ್ಲುವುದಿಲ್ಲ ಅಂತ ಗೊತ್ತಾದ ಮೇಲೂ ಕೊನೆಯ ಪ್ರೈಮರಿವರೆಗೆ ಊರೂರು ತಿರುಗಿದರು. ಸುಮಾರು 70 ಲಕ್ಷ ಮತ ಅವರಿಗೆ ಬಿದ್ದಿತ್ತು. ಅಷ್ಟು ಜನರ ಬಲ ಇದ್ದದ್ದರಿಂದಲೇ ಡುಕಾಕಿಸ್ ಕಡೆಯವರ ಜೊತೆ ಕೂತು ನಿಯಮದ ಬಗ್ಗೆ ಮಾತಾಡಲು ಆಯಿತು. ಮುಂದೆ ಎಲ್ಲ ರಾಜ್ಯಗಳಲ್ಲೂ ಪ್ರತಿನಿಧಿಗಳನ್ನು ಮತದ ಪ್ರಮಾಣಕ್ಕೆ ತಕ್ಕಂತೆಯೇ ಹಂಚಬೇಕು, ಗೆದ್ದವರಿಗೇ ಎಲ್ಲ ಎಂಬ ಪದ್ಧತಿ ಹೋಗಬೇಕು ಎಂದು ಒಪ್ಪಿಸಿದರು. ಇಪ್ಪತ್ತು ವರ್ಷದ ನಂತರ ಹಿಲರಿ ಒಹಾಯೊ ಗೆದ್ದರೂ ಒಬಾಮಾಗೆ 67 ಪ್ರತಿನಿಧಿಗಳು ಸಿಕ್ಕಿದ್ದು ಈ ನಿಯಮದಿಂದ. ಅಮೆರಿಕದ ಮೊದಲ ಕಪ್ಪು ಅಧ್ಯಕ್ಷರ ದಾರಿಗೆ ಒಂದು ಕಲ್ಲು ಹಾಸಿದ್ದು ಹಿಂದೆ ಬಿದ್ದೂ ಬಿಡದೆ ನಡೆದ ಜಾಕ್ಸನ್.

ಎಲ್ಲ ಕಡೆ ಇದೇ ಮಾತು ನಿಲ್ಲುತ್ತದೆ ಅಂತ ಅಲ್ಲ. ರಿಪಬ್ಲಿಕನ್ ಪಕ್ಷದ ಕೆಲವು ರಾಜ್ಯಗಳಲ್ಲಿ ಗೆದ್ದವರಿಗೇ ಎಲ್ಲ ಎಂಬ ಪದ್ಧತಿ ಇನ್ನೂ ಇದೆ. 2016ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಡೊನಾಲ್ಡ್ ಟ್ರಂಪ್‌ಗೆ ಬಿದ್ದದ್ದು ಮೂರರಲ್ಲಿ ಒಂದು ಪಾಲು ಮತವೂ ಅಲ್ಲ, ಸಿಕ್ಕಿದ್ದು 50ಕ್ಕೆ 50 ಪ್ರತಿನಿಧಿಗಳು. ಅವರನ್ನು ಬೇಡ ಅಂದವರ ಮತ ಐದು ಜನರ ನಡುವೆ ಹಂಚಿಹೋಗಿತ್ತು. ಅಂಥ ಕಡೆ ಮೂರನೆಯವರು, ನಾಲ್ಕನೆಯವರು ಉಳಿದರೆ ತಾವು ಯಾರನ್ನು ತಡೆಯಬೇಕೆಂದಿದ್ದಾರೋ ಅವರಿಗೇ ನೆರವಾಗುತ್ತಾರೆ. 2020ರಲ್ಲಿ ಡೆಮಾಕ್ರಟಿಕ್ ಕಣದಲ್ಲಿದ್ದ ಪೀಟ್ ಬುಟಿಜೆಜ್, ಏಮಿ ಕ್ಲೋಬಷಾರ್ ಇದನ್ನು ಯೋಚಿಸಿಯೇ ಮಾರ್ಚ್ 3ರ ದೊಡ್ಡ ಮತದಾನಕ್ಕೆ ಮೊದಲು ಸರಿದು ಬೈಡನ್ ಪರ ನಿಂತರು. ಅದು ಅವರೇ ಯೋಚಿಸಿ ಮಾಡಿದ ತೀರ್ಮಾನ, ಗೌರವಿಸಬೇಕಾದದ್ದು. ಅದೇ ವರ್ಷ ಏಪ್ರಿಲ್ 7ಕ್ಕೆ ವಿಸ್ಕಾನ್ಸಿನ್ ಜನ ಕೊರೊನಾ ನಡುವೆ ಮಾಸ್ಕ್ ಹಾಕಿಕೊಂಡು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಮರುದಿನ ಬೈಡನ್ ಎದುರು ಹಿಂದೆ ಬಿದ್ದಿದ್ದ ಬರ್ನಿ ಸ್ಯಾಂಡರ್ಸ್ ಪ್ರಚಾರ ನಿಲ್ಲಿಸಿದರು. ಮತ ಹಾಕಲು ಬರುವವರ ಜೀವಕ್ಕೇ ಅಪಾಯ ಇದ್ದಾಗ ನಾನು ಮೇಲೆ ಹೇಳಿದ ವಾದವನ್ನು ಹಿಡಿದು ಕೂರುವುದಿಲ್ಲ.

ಮಾಮೂಲಿ ವರ್ಷಗಳಲ್ಲಿ ಮಾತ್ರ ನನ್ನ ಮಾತು ಬದಲಾಗುವುದಿಲ್ಲ. 2024ರ ಮಾರ್ಚ್ 6ಕ್ಕೆ, ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹ್ಯಾಲಿ ರಿಪಬ್ಲಿಕನ್ ಕಣದಿಂದ ಸರಿದರು. ಎರಡು ತಿಂಗಳ ನಂತರ ಇಂಡಿಯಾನಾದಲ್ಲಿ ಪ್ರೈಮರಿ ನಡೆದಾಗ, ಕಣದಲ್ಲೇ ಇಲ್ಲದ ಹ್ಯಾಲಿಗೆ ಐವರಲ್ಲಿ ಒಬ್ಬರಿಗೂ ಹೆಚ್ಚು ಜನ ಮತ ಹಾಕಿದರು. ಗೆಲ್ಲುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಆದರೂ ಮತಗಟ್ಟೆಗೆ ಬಂದು ತಮ್ಮ ಮನಸ್ಸನ್ನು ಹೇಳಿ ಹೋದರು. ಸರದಿಯಲ್ಲಿ ಹಿಂದೆ ಇರುವ ರಾಜ್ಯದವರಿಗೂ ಹೇಳುವುದು ಇರುತ್ತದೆ.

ಅದಕ್ಕೇ ನನಗೆ ಅನ್ನಿಸುವುದು, ಸರಿಮಾಡಬೇಕಾದದ್ದು ಈ ಸರದಿಯನ್ನು. 2024ಕ್ಕೆ ಡೆಮಾಕ್ರಟಿಕ್ ಪಕ್ಷ ಅಯೋವಾವನ್ನು ಹಿಂದೆ ಸರಿಸಿ ದಕ್ಷಿಣ ಕ್ಯಾರೊಲಿನಾವನ್ನು ಮೊದಲಿಗೆ ತಂದಿತು. ಆದರೆ ಮೊಂಟಾನಾ, ದಕ್ಷಿಣ ಡಕೋಟಾ, ನ್ಯೂ ಮೆಕ್ಸಿಕೊ, ನ್ಯೂ ಜೆರ್ಸಿ ಆ ವರ್ಷವೂ ಮತ ಹಾಕಿದ್ದು ಜೂನ್ 4ಕ್ಕೆ. ನಾಲ್ಕು ವರ್ಷಕ್ಕೊಮ್ಮೆ ಬೇರೆ ಬೇರೆ ರಾಜ್ಯಗಳು ಮೊದಲು ಬರುವ ಹಾಗೆ ಸರದಿಯನ್ನು ತಿರುಗಿಸಿದರೆ ಮೊಂಟಾನಾದವರಿಗೂ ಒಮ್ಮೆ ಜನವರಿ ಸಿಗುತ್ತದೆ. ಅಲ್ಲಿವರೆಗೆ, ಜೂನ್‌ನಲ್ಲಿ ಮತ ಹಾಕುವವರ ಮುಂದೆ ನಿಜವಾದ ಆಯ್ಕೆ ಇರಬೇಕೆಂದರೆ, ಹಿಂದೆ ಬಿದ್ದಿರುವ ಒಬ್ಬರು ಆ ದಿನದವರೆಗೂ ಪ್ರಚಾರ ಮಾಡುತ್ತಿರಬೇಕು.

ನಮಸ್ಕಾರ.