ಗ್ಲಾಸ್ಗೋದಲ್ಲಿ ಡ್ಯೂಕ್ ತಲೆ ಮೇಲೆ ಟ್ರಾಫಿಕ್ ಕೋನ್ ಯಾಕೆ?

ನಮಸ್ಕಾರ! ಸ್ಕಾಟ್ಲೆಂಡಿನ ಎಡಿನ್‌ಬರೋ ವಿಡಿಯೋ ನೋಡಿ ತುಂಬಾ ಜನ ಕೇಳಿದ್ರಿ, ಕೋಟೆ ನೋಡಿದ ಮೇಲೆ ಗ್ಲಾಸ್ಗೋಗೆ ಯಾಕೆ ಹೋಗಬೇಕು ಅಂತ. ರೈಲಲ್ಲಿ ಸುಮಾರು 50 ನಿಮಿಷ, ಅಷ್ಟೇ. ಕಾರಣ ಇಲ್ಲಿದೆ ನೋಡಿ.

(ಪ್ರತಿಮೆಯ ಫೋಟೋ)

ಕುದುರೆ ಮೇಲೆ ಕೂತಿರುವವನು ಡ್ಯೂಕ್ ಆಫ್ ವೆಲಿಂಗ್ಟನ್. ತಲೆ ಮೇಲಿರುವುದು ಕಿರೀಟ ಅಲ್ಲ, ರಸ್ತೆ ಅಗೆದಾಗ ಇಡ್ತಾರಲ್ಲ, ಆ ಕೋನ್! ಮಾಡರ್ನ್ ಆರ್ಟ್ ಗ್ಯಾಲರಿ ಎದುರಿಗೆ ಈ ಪ್ರತಿಮೆ 1844ರಿಂದ ಇದೆ. 1980ರ ದಶಕದಿಂದ ರಾತ್ರಿ ಯಾರೋ ಹತ್ತಿ ಕೋನ್ ಇಡುತ್ತಾರೆ, ಕೌನ್ಸಿಲ್‌ನವರು ತೆಗೆಯುತ್ತಾರೆ, ಮತ್ತೆ ಇನ್ನೊಂದು ಬರುತ್ತದೆ. ಅಷ್ಟು ಗತ್ತಿನ ಮುಖಕ್ಕೆ ದೃಷ್ಟಿಬೊಟ್ಟು ಇಟ್ಟ ಹಾಗೆ. 2013ರಲ್ಲಿ ಯಾರೂ ಹತ್ತದ ಹಾಗೆ ಪೀಠ ಎತ್ತರಿಸೋಣ ಅಂತ 65,000 ಪೌಂಡಿನ ಯೋಜನೆ ಹಾಕಿದರು. ಊರವರು ಎಷ್ಟು ಗಲಾಟೆ ಮಾಡಿದರು ಅಂದರೆ ಯೋಜನೆಯನ್ನೇ ಕೈಬಿಟ್ಟರು. 2023ರಲ್ಲಿ ಬೀದಿ ಗೋಡೆಗಳ ಮೇಲೆ ಚಿತ್ರ ಬರೆಯುವ ಕಲಾವಿದ ಬ್ಯಾಂಕ್ಸಿ ತನ್ನ ಪ್ರದರ್ಶನವನ್ನು ಇದೇ ಗ್ಯಾಲರಿಯಲ್ಲಿ ಇಟ್ಟ. ಈ ಜಾಗ ಆರಿಸಿದ್ದೇ ಕೋನ್‌ಗಾಗಿ ಅಂದ!

ಇನ್ನೊಂದು ವಿಷಯ. ಈ ಡ್ಯೂಕ್ ನಮಗೆ ಹಳೇ ಪರಿಚಯ. ಆಗ ಬರೀ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹತ್ತಿರ, ಸುಲ್ತಾನ್‌ಪೇಟೆ ಮರದ ತೋಪಿಗೆ ರಾತ್ರಿ ನುಗ್ಗಲು ಹೋಗಿ, ಕತ್ತಲಲ್ಲಿ ದಾರಿ ತಪ್ಪಿ, ಟಿಪ್ಪು ಸೈನಿಕರ ಕೈಲಿ ಪೆಟ್ಟು ತಿಂದು, ಮೊಣಕಾಲು ನೋಯಿಸಿಕೊಂಡು ವಾಪಸ್ ಬಂದ. ಮಾರನೇ ದಿನ ತೋಪು ಹಿಡಿದರು, ಬಿಡಿ. ಮೇ 4ಕ್ಕೆ ಪಟ್ಟಣ ಬಿದ್ದ ಮೇಲೆ ಉಸ್ತುವಾರಿ ಇವನದೇ, ವಾಸ ದರಿಯಾ ದೌಲತ್‌ನಲ್ಲಿ. ಆಮೇಲೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನೂ ಸೋಲಿಸಿದ. ಆದರೆ ರಾತ್ರಿ ಮಾತ್ರ ಇವನಿಗೆ ಆಗಿಬರಲ್ಲ ಅಲ್ವಾ? ಅಲ್ಲಿ ತೋಪು, ಇಲ್ಲಿ ಕೋನ್.

ಅಯ್ಯೋ, ಟೈಮ್ ಆಯ್ತು, ಉಳಿದದ್ದು ಬೇಗ ಬೇಗ. ಸಬ್‌ವೇ (ನೆಲದಡಿ ಓಡುವ ಮೆಟ್ರೋ ರೈಲು) 1896ರದ್ದು, 15 ಸ್ಟೇಷನ್, ಒಂದೇ ಸುತ್ತು. ಇಳಿಯೋದು ಮರೆತರೆ ಸುಮ್ನೆ ಕೂತಿರಿ, ಅದೇ ಜಾಗಕ್ಕೆ ಮತ್ತೆ ಬರುತ್ತದೆ. ಕೆಲ್ವಿನ್‌ಗ್ರೋವ್ ಮ್ಯೂಸಿಯಂಗೆ ಟಿಕೆಟ್ ಇಲ್ಲ, ಒಳಗೆ ಚಾವಣಿಯಿಂದ ಸ್ಪಿಟ್‌ಫೈರ್ ಯುದ್ಧವಿಮಾನ ನೇತುಹಾಕಿದ್ದಾರೆ, ಕೆಳಗೆ ಆನೆ ನಿಂತಿದೆ! ಕೆಥೀಡ್ರಲ್ ಪಕ್ಕದ ನೆಕ್ರೋಪೊಲಿಸ್ ಅನ್ನೋ ಹಳೇ ಸ್ಮಶಾನದ ಗುಡ್ಡ ಹತ್ತಿದರೆ ಊರು ಕಾಣುತ್ತದೆ. ಮಳೆ ಜಾಸ್ತಿ, ಜರ್ಕಿನ್ ಇಟ್ಟುಕೊಳ್ಳಿ.

ಪ್ರತಿಮೆ ಮಾತ್ರ ನೀವು ಹತ್ತಬೇಡಿ. ಹೋದ ದಿನ ಕೋನ್ ಇಲ್ಲದಿದ್ದರೆ ಬೇಜಾರಾಗಬೇಡಿ, ಮಾರನೇ ಬೆಳಿಗ್ಗೆ ಇನ್ನೊಂದು ಸಲ ಹೋಗಿ ನೋಡಿ.