ಪ್ರತಿಮೆ ಇಲ್ಲದವರ ಬೀದಿಗಳು

ಕೇಳುಗರಿಗೆ ನಮಸ್ಕಾರ.

ಪ್ರತಿ ವರ್ಷ ಮಾರ್ಚ್ 25ರಂದು ನ್ಯೂಯಾರ್ಕಿನ ಕೆಲವು ಬೀದಿಗಳಿಗೆ ಜನ ಬಣ್ಣದ ಸೀಮೆಸುಣ್ಣ ಹಿಡಿದು ಬರುತ್ತಾರೆ. ಒಂದು ಮನೆಯ ಬಾಗಿಲ ಮುಂದೆ ಮಂಡಿಯೂರಿ ಕೂರುತ್ತಾರೆ. ಫುಟ್‌ಪಾತ್ ಮೇಲೆ ಒಂದು ಹೆಸರು ಬರೆಯುತ್ತಾರೆ, ಅದರ ಕೆಳಗೆ ವಯಸ್ಸು. ಆಮೇಲೆ ಎದ್ದು, ಮೊಣಕಾಲಿನ ಧೂಳು ಕೊಡವಿಕೊಂಡು, ಮುಂದಿನ ವಿಳಾಸ ಹುಡುಕಿಕೊಂಡು ಹೋಗುತ್ತಾರೆ.

1911ರಲ್ಲಿ ಇದೇ ದಿನ, ಒಂದು ಶನಿವಾರ ಸಂಜೆ, ಅಲ್ಲಿನ ಟ್ರಯಾಂಗಲ್ ಎಂಬ ಬಟ್ಟೆ ಹೊಲಿಯುವ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರ್ಖಾನೆ ಇದ್ದದ್ದು ಎಂಟು, ಒಂಬತ್ತು, ಹತ್ತನೇ ಮಹಡಿಗಳಲ್ಲಿ. ಒಂಬತ್ತನೇ ಮಹಡಿಯಲ್ಲಿ ಹೊರಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಅಗ್ನಿಶಾಮಕ ದಳದವರ ಏಣಿ ಆರನೇ ಮಹಡಿ ದಾಟಲಿಲ್ಲ. 146 ಜನ ಸತ್ತರು. ಅವರಲ್ಲಿ 123 ಮಂದಿ ಹೆಂಗಸರು ಮತ್ತು ಹುಡುಗಿಯರು. ಹೆಚ್ಚಿನವರು ಇಟಲಿಯಿಂದ, ಪೂರ್ವ ಯುರೋಪಿನಿಂದ ಹೊಟ್ಟೆಪಾಡಿಗೆ ಬಂದ ಮನೆಗಳವರು, ಬಹಳಷ್ಟು ಜನ ಯಹೂದಿಗಳು. ಒಂದೇ ಮನೆಯ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಒಟ್ಟಿಗೆ ಹೋದರು. ಚಿಕ್ಕವಳಿಗೆ 14 ವರ್ಷ. ಸತ್ತವರಲ್ಲಿ ಆರು ಜನ ಯಾರು ಅನ್ನುವುದೇ ನೂರು ವರ್ಷ ಗೊತ್ತಿರಲಿಲ್ಲ. ಒಬ್ಬ ಸಂಶೋಧಕ ಹಳೆಯ ಪತ್ರಿಕೆ, ದಾಖಲೆಗಳನ್ನೆಲ್ಲ ಕೆದಕಿ ಅವರನ್ನು ಪತ್ತೆ ಮಾಡಿದ್ದು 2011ರ ಹೊತ್ತಿಗೆ.

ಸೀಮೆಸುಣ್ಣದಲ್ಲಿ ಹೆಸರು ಬರೆಯುವುದು 2004ರಿಂದ ನಡೆದುಬಂದಿದೆ. ಬರೆಯುವುದು ಕಾರ್ಖಾನೆಯ ಮುಂದಲ್ಲ, ಆ ಹುಡುಗಿಯರು ಬಾಳಿದ ಮನೆಗಳ ಮುಂದೆ. ಬೆಳಿಗ್ಗೆ ಕೆಲಸಕ್ಕೆಂದು ಅವರು ಯಾವ ಮೆಟ್ಟಿಲು ಇಳಿದರೋ ಅದರ ಬುಡದಲ್ಲಿ.

ಇವತ್ತು ನಾನು ಮಾತಾಡಬೇಕೆಂದಿರುವುದು ಇಂಥ ನಡಿಗೆಗಳ ಬಗ್ಗೆ. ಹೆರಿಟೇಜ್ ವಾಕ್ ಅಂತ ಕರೆಯುತ್ತೇವಲ್ಲ, ಅದೇ. ಅದರಲ್ಲೂ ಹೆಂಗಸರ ಚರಿತ್ರೆ ಮತ್ತು ಅಲ್ಪಸಂಖ್ಯಾತರ ಬದುಕನ್ನು ಹುಡುಕಿಕೊಂಡು ಹೋಗುವ ನಡಿಗೆಗಳು.

ಹೊಸ ಊರಿಗೆ ಹೋದರೆ ನಾವು ತಲೆ ಎತ್ತಿ ನೋಡುತ್ತೇವೆ. ಗೋಪುರ, ಅರಮನೆ, ಕುದುರೆ ಮೇಲೆ ಕೂತ ಸೇನಾಪತಿ. ಗೈಡ್ ಕೂಡ ಕೈ ಮೇಲೆತ್ತಿಯೇ ತೋರಿಸುತ್ತಾರೆ. ಹಾಗೆ ನೋಡಿದರೆ ಊರು ಕಟ್ಟಿದವರೆಲ್ಲ ಗಂಡಸರೇ ಅನ್ನಿಸುತ್ತದೆ. ಲಂಡನ್ನಿನ ಪಾರ್ಲಿಮೆಂಟ್ ಸ್ಕ್ವೇರ್‌ನಲ್ಲಿ 2018ರ ತನಕ ಒಬ್ಬ ಹೆಂಗಸಿನ ಪ್ರತಿಮೆಯೂ ಇರಲಿಲ್ಲ. 11 ಗಂಡಸರಿದ್ದರು, ಗಾಂಧೀಜಿಯೂ ಇದ್ದರು. ಹೆಂಗಸರ ಮತದಾನದ ಹಕ್ಕಿಗೆ ಹೋರಾಡಿದ ಮಿಲಿಸೆಂಟ್ ಫಾಸೆಟ್ ಬಂದದ್ದು ಹನ್ನೆರಡನೆಯವರಾಗಿ. ಅದೇ ಊರಿನಲ್ಲಿ ಹೆಸರಾಂತರು ಬಾಳಿದ ಮನೆಗಳಿಗೆ ದುಂಡಗಿನ ನೀಲಿ ಫಲಕ ಹಾಕುತ್ತಾರೆ. ಆ ಪದ್ಧತಿ ಶುರುವಾಗಿದ್ದು 1866ರಲ್ಲಿ. ಅಷ್ಟು ವರ್ಷ ಕಳೆದರೂ ಹೆಂಗಸರ ಹೆಸರಿನ ಫಲಕ ನೂರಕ್ಕೆ ಸುಮಾರು 15 ಮಾತ್ರ.

ಯಾಕೆ ಹೀಗೆ? ಪ್ರತಿಮೆ ನಿಲ್ಲಿಸಲು ದುಡ್ಡು ಬೇಕು, ಸಮಿತಿ ಬೇಕು, ಹೇಳಿಸುವವರು ಬೇಕು. ಹೊಲಿಗೆ ಹಾಕಿದವರಿಗೆ, ಬಾಣಂತನ ಮಾಡಿದವರಿಗೆ, ಬಟ್ಟೆ ಒಗೆದವರಿಗೆ ಅದ್ಯಾವುದೂ ಇರಲಿಲ್ಲ. ಮನೆಯ ಪತ್ರ ಕೂಡ ಬಹುಪಾಲು ಗಂಡನ ಹೆಸರಿನಲ್ಲೇ. ಹಾಗಾಗಿ ಇಂಥ ನಡಿಗೆಗಳಲ್ಲಿ ನಾನು ಮೊದಲು ಕಲಿತದ್ದು ಒಂದೇ: ಕಣ್ಣು ಕೆಳಗಿರಬೇಕು. ನೆಲದ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ, ಕೈಗೆ ಎಟಕುವ ಎತ್ತರದಲ್ಲಿ.

ಲಂಡನ್ನಿನ ಪೂರ್ವದಲ್ಲಿ ಬೋ ಎಂಬ ಬಡಾವಣೆ ಇದೆ. ಅಲ್ಲೊಂದು ಪ್ರತಿಮೆ ಇದೆ, ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ ಅವರದು. ಇಂಥ ನಡಿಗೆಗೆ ಹೋದವರು ಅವರ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. ಕೈಗಳಿಗೆ ಕೆಂಪು ಬಣ್ಣ ಬಳಿದಿರುತ್ತದೆ. ಪ್ರತಿಮೆಗೆ ದುಡ್ಡು ಕೊಟ್ಟದ್ದು ಹತ್ತಿರದ ಬೆಂಕಿಕಡ್ಡಿ ಕಾರ್ಖಾನೆಯ ಮನೆತನ. ಅದಕ್ಕಾಗಿ ಕೆಲಸದ ಹುಡುಗಿಯರ ಕೂಲಿಯಲ್ಲಿ ಒಂದು ಶಿಲಿಂಗ್ ಮುರಿದುಕೊಂಡರು ಎಂಬ ಮಾತು ಅಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಆ ಸಿಟ್ಟು ಇನ್ನೂ ಆರಿಲ್ಲ.

ಆ ಕಾರ್ಖಾನೆಯಲ್ಲಿ ಕಡ್ಡಿಗೆ ಬಿಳಿ ರಂಜಕ ಬಳಸುತ್ತಿದ್ದರು. ಅದರ ಹೊಗೆ ಕುಡಿದು ಕುಡಿದು ಕೆಲವರ ದವಡೆ ಎಲುಬೇ ಕೊಳೆಯುತ್ತಿತ್ತು. 1888ರ ಜುಲೈನಲ್ಲಿ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಬೀದಿಗೆ ಬಂದರು. ಎರಡೇ ವಾರದಲ್ಲಿ ಗೆದ್ದರು. ಇದರ ಹೆಸರು ಬಹುಕಾಲ ಹೋದದ್ದು ಆನಿ ಬೆಸೆಂಟ್ ಅವರಿಗೆ. ಹೌದು, ಆಮೇಲೆ ಭಾರತಕ್ಕೆ ಬಂದು 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದ ಅದೇ ಬೆಸೆಂಟ್. ಹುಡುಗಿಯರ ಪಾಡನ್ನು ಪತ್ರಿಕೆಯಲ್ಲಿ ಬರೆದವರು ಅವರು, ಅದು ದೊಡ್ಡ ಉಪಕಾರವೇ. ಆದರೆ ಕೆಲಸ ಬಿಟ್ಟು ಹೊರಗೆ ಬಂದವರು, ಒಂದು ಹೊತ್ತಿನ ಊಟಕ್ಕೂ ಗತಿ ಇಲ್ಲದಾಗಬಹುದು ಅಂತ ಗೊತ್ತಿದ್ದೂ ಬಂದವರು ಆ ಹುಡುಗಿಯರು. ಮುಂಚೂಣಿಯಲ್ಲಿದ್ದ ಸಾರಾ ಚಾಪ್‌ಮನ್ ಎಂಬಾಕೆ ತೀರಿಕೊಂಡ ಮೇಲೆ ಬಡವರ ಸಮಾಧಿಯಲ್ಲಿ ಮಣ್ಣಾದರು. ಮೇಲೆ ಒಂದು ಕಲ್ಲೂ ಇರಲಿಲ್ಲ. ಎಷ್ಟೋ ವರ್ಷಗಳ ನಂತರ ಆ ಜಾಗ ಹುಡುಕಿದ್ದು ಅವರ ಮರಿಮೊಮ್ಮಗಳು. ಕಾರ್ಖಾನೆಯ ಕಟ್ಟಡಕ್ಕೆ, ಆ ಹುಡುಗಿಯರ ಮುಷ್ಕರದ ನೆನಪಿಗೆ, ನೀಲಿ ಫಲಕ ಬಂದದ್ದು 2022ರಲ್ಲಿ.

ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಬ್ರಿಕ್ ಲೇನ್. ಅಲ್ಲೊಂದು ಮಸೀದಿ ಇದೆ. ಅದನ್ನು 1743ರಲ್ಲಿ ಕಟ್ಟಿದ್ದು ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಪ್ರಾಟೆಸ್ಟೆಂಟರು, ತಮ್ಮ ಪ್ರಾರ್ಥನೆಗೆ. ಮುಂದೆ ಅದು ಮೆಥಡಿಸ್ಟರ ಚರ್ಚ್ ಆಯಿತು. 1898ರಲ್ಲಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಆಯಿತು. 1976ರಲ್ಲಿ, ಬಾಂಗ್ಲಾದೇಶದಿಂದ ಬಂದವರು ಆ ಬೀದಿಯಲ್ಲಿ ತುಂಬಿದ ಮೇಲೆ, ಮಸೀದಿ ಆಯಿತು. ಗೋಡೆ ಅದೇ, ಚಾವಣಿ ಅದೇ. ಗೋಡೆಯ ಮೇಲೆ ಒಂದು ನೆರಳು ಗಡಿಯಾರ ಇದೆ. ಅದರಲ್ಲಿ ಲ್ಯಾಟಿನ್ನಿನಲ್ಲಿ ಎರಡೇ ಮಾತು, 'ನಾವು ನೆರಳು' ಅಂತ. ನಾಲ್ಕು ಪಂಗಡಗಳ ಜನ ಅದರ ಕೆಳಗೆ ಹಾದು ಒಳಗೆ ಹೋಗಿದ್ದಾರೆ.

ಬಹಳಷ್ಟು ಗೈಡುಗಳು ಈ ಕಥೆ ಹೇಳಿ, ಎಲ್ಲರೂ ತಲೆದೂಗಿದ ಮೇಲೆ, ಮುಂದೆ ಸಾಗುತ್ತಾರೆ. ಒಳ್ಳೆಯ ಗೈಡ್ ಅಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳಬೇಕು ಅಂತ ನನ್ನ ಆಸೆ: ಹೆಂಗಸರು ಎಲ್ಲಿ ಕೂರುತ್ತಿದ್ದರು? ಹಳೆಯ ಪದ್ಧತಿಯ ಸಿನಗಾಗ್‌ಗಳಲ್ಲಿ ಅವರಿಗೆ ಬೇರೆ ಜಾಗ, ಸಾಮಾನ್ಯವಾಗಿ ಮೇಲಿನ ಗ್ಯಾಲರಿ. ಒಂದು ಸಮುದಾಯದ ಕಥೆ ಹೇಳಿದೆವು ಅಂತ ಸಮಾಧಾನಪಟ್ಟುಕೊಳ್ಳುವಾಗ ಆ ಸಮುದಾಯದ ಅರ್ಧ ಜನ ಮತ್ತೆ ಕಾಣದೆ ಹೋಗುತ್ತಾರೆ, ಅಲ್ವಾ? ಅದೇ ಬ್ರಿಕ್ ಲೇನ್ ಪಕ್ಕ ಪ್ರಿನ್ಸ್‌ಲೆಟ್ ಸ್ಟ್ರೀಟ್‌ನಲ್ಲಿ ಆನಾ ಮರಿಯಾ ಗಾರ್ತ್‌ವೇಟ್ ಎಂಬ ಪಾದ್ರಿಯ ಮಗಳ ಮನೆ ಇದೆ. ರೇಷ್ಮೆ ಬಟ್ಟೆಗೆ ಹೂಬಳ್ಳಿಯ ವಿನ್ಯಾಸ ಬರೆಯುವುದು ಅವರ ಕಸುಬು. ಆ ಕೇರಿಯ ನೇಕಾರರು ಮಗ್ಗಕ್ಕೆ ಇಳಿಸುತ್ತಿದ್ದ ವಿನ್ಯಾಸಗಳಲ್ಲಿ ಅವರು ಬರೆದವೂ ಇದ್ದವು. ಅವರ ಕೈಬರಹದ 800ಕ್ಕೂ ಹೆಚ್ಚು ಹಾಳೆಗಳು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ.

ಕೊಚ್ಚಿಯ ಮಟ್ಟಾಂಚೇರಿಯಲ್ಲೂ ಇದೇ. 1568ರ ಸಿನಗಾಗ್‌ಗೆ ಹೋದವರಿಗೆ ನೆಲದ ಚೀನೀ ಹಂಚುಗಳನ್ನು ತೋರಿಸುತ್ತಾರೆ, ನೀಲಿ ಬಿಳಿ, ಕೈಯಿಂದ ಚಿತ್ರ ಬರೆದದ್ದು. ತೋರಿಸಲಿ, ಚೆನ್ನಾಗಿದೆ. ಆದರೆ ಕೊಚ್ಚಿಯ ಯಹೂದಿ ಹೆಂಗಸರು ಮದುವೆಗೆ, ಹಬ್ಬಕ್ಕೆ ಮಲಯಾಳದಲ್ಲಿ ಹಾಡುತ್ತಿದ್ದರು. ಹಾಡುಗಳನ್ನು ನೋಟುಬುಕ್ಕಿನಲ್ಲಿ ಬರೆದು, ಕೈಯಿಂದ ಕೈಗೆ ದಾಟಿಸುತ್ತಿದ್ದರು. 1950ರ ದಶಕದಿಂದ ಅವರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೊರಟಾಗ ಆ ಪುಸ್ತಕಗಳೂ ಹೊರಟವು. ಹಂಚು ಇಲ್ಲೇ ಉಳಿಯಿತು. ಹಾಗಾಗಿ ನಾವು ಹಂಚನ್ನೇ ಚರಿತ್ರೆ ಅಂದುಕೊಂಡಿದ್ದೇವೆ.

ಬಾಗಿಲ ಚೌಕಟ್ಟಿನ ಮಾತು ಹೇಳಿದೆ. ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಕಜಿಮಿಯೆಷ್ ಎಂಬ ಹಳೆಯ ಯಹೂದಿ ಕೇರಿ ಇದೆ. ಯಹೂದಿಗಳು ಮನೆಯ ಬಾಗಿಲಿಗೆ, ಒಳಗೆ ಹೋಗುವಾಗ ಬಲಗಡೆ, ಒಂದು ಸಣ್ಣ ಕರಡಿಗೆ ಹೊಡೆಯುತ್ತಾರೆ. ಅದರೊಳಗೆ ಧರ್ಮಗ್ರಂಥದ ಸಾಲು ಬರೆದ ತೊಗಲಿನ ಸುರುಳಿ. ಎರಡನೇ ಮಹಾಯುದ್ಧದಲ್ಲಿ ಆ ಮನೆಗಳವರು ಉಳಿಯಲಿಲ್ಲ. ಕರಡಿಗೆಯೂ ಇಲ್ಲ. ಮರದ ಮೇಲೆ ಓರೆಯಾಗಿ, ಬೆರಳುದ್ದದ ಒಂದು ತಗ್ಗು ಮಾತ್ರ ಇದೆ, ಮೇಲೊಂದು ಕೆಳಗೊಂದು ಮೊಳೆಯ ತೂತು. ಎಷ್ಟೋ ಸಲ ಬಣ್ಣ ಹೊಡೆದರೂ ಅದು ಕಾಣುತ್ತದೆ. ಸುಮ್ನೆ ನಡೆದುಹೋದರೆ ಕಾಣುವುದಿಲ್ಲ. ಯಾರಾದರೂ ನಿಲ್ಲಿಸಿ, ಇಲ್ಲಿ ಬೆರಳಿಡಿ ಅನ್ನಬೇಕು. ಈಗ ಪೋಲೆಂಡಿನ ಕಲಾವಿದರು ಅಂಥ ಗುರುತುಗಳ ಅಚ್ಚು ತೆಗೆದು ಕಂಚಿನಲ್ಲಿ ಎರಕ ಹೊಯ್ಯುತ್ತಿದ್ದಾರೆ.

ಇನ್ನು ಈ ಕಥೆಗಳನ್ನು ಯಾರು ಹೇಳಬೇಕು? ನನಗೆ ಇದು ಮುಖ್ಯ ಪ್ರಶ್ನೆ. ಜರ್ಮನಿಯ ಬೀದಿಗಳಲ್ಲಿ ಹತ್ತು ಸೆಂಟಿಮೀಟರ್ ಅಗಲದ ಹಿತ್ತಾಳೆ ಮುಚ್ಚಿದ ಕಲ್ಲುಗಳಿವೆ. ನಾಜಿಗಳು ಹೊತ್ತೊಯ್ದವರ ಹೆಸರು, ಅವರ ಮನೆಯ ಮುಂದೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರಲ್ಲಿ ಕೊಲೋನ್‌ನಲ್ಲಿ ಶುರು ಮಾಡಿದರು, 2023ಕ್ಕೆ ಯುರೋಪಿನ ಉದ್ದಗಲಕ್ಕೂ ಸೇರಿ ಕಲ್ಲುಗಳ ಲೆಕ್ಕ ಒಂದು ಲಕ್ಷ ಮುಟ್ಟಿತು. ಓದಬೇಕಾದರೆ ಬಗ್ಗಲೇಬೇಕು. ಆದರೆ ಮ್ಯೂನಿಕ್ ನಗರ ತನ್ನ ರಸ್ತೆಗಳಲ್ಲಿ ಇದಕ್ಕೆ ಒಪ್ಪಲಿಲ್ಲ. ಕಾರಣ, ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥೆಯೇ ಬೇಡ ಅಂದರು. ಸತ್ತವರ ಹೆಸರು ಮತ್ತೆ ಕಾಲಡಿಗೆ ಬೀಳಬಾರದು ಅಂದರು. ಬೇರೆ ಯಹೂದಿ ಕುಟುಂಬಗಳು ಬೇಕು ಅಂದವು. ಗೈಡ್ ಆದವರು ಈ ಎರಡೂ ಮಾತನ್ನು ಹೇಳಬೇಕು. ಒಂದು ಸಮುದಾಯಕ್ಕೆ ಒಂದೇ ಬಾಯಿ ಇರುವುದಿಲ್ಲ.

ಸಾಧ್ಯವಾದರೆ ಆ ಕೇರಿಯವರೇ ಹೇಳಲಿ. ಜನ ಬದುಕುತ್ತಿರುವ ಬೀದಿಗೆ ಹೋಗುವಾಗ ಗುಂಪು ಚಿಕ್ಕದಿರಲಿ, ಪ್ರಾರ್ಥನೆಯ ಹೊತ್ತು ತಪ್ಪಿಸೋಣ, ಕೇಳದೆ ಫೋಟೋ ತೆಗೆಯುವುದು ಬೇಡ. ಮನೆ ಮುಂದೆ ಕೂತ ಅಜ್ಜಿ ನೋಡುವ ವಸ್ತು ಅಲ್ಲ. ಬಾಸ್ಟನ್ನಿನಲ್ಲಿ ಹೆಂಗಸರ ಚರಿತ್ರೆಯ ನಡಿಗೆಯ ದಾರಿಗಳನ್ನು 1989ರಿಂದ ರೂಪಿಸಿದವರು ಶಾಲೆಯ ಟೀಚರುಗಳು, ಲೈಬ್ರರಿಯವರು, ಮಕ್ಕಳು. ಇದಕ್ಕೆ ದೊಡ್ಡ ಇಲಾಖೆಯೇ ಬೇಕು ಅಂತಿಲ್ಲ.

ಕೊನೆಗೊಂದು ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ. ಬರ್ಲಿನ್ನಿನ ರೋಸೆನ್‌ಸ್ಟ್ರಾಸೆ, ಒಂದು ಪುಟ್ಟ ಬೀದಿ. 1943ರ ಫೆಬ್ರವರಿ ಕೊನೆಯಲ್ಲಿ ನಾಜಿ ಪೊಲೀಸರು ಸುಮಾರು ಎರಡು ಸಾವಿರ ಯಹೂದಿಗಳನ್ನು ಹಿಡಿದು ಇಲ್ಲಿನ ಕಟ್ಟಡದಲ್ಲಿ ಕೂಡಿಹಾಕಿದರು. ಹೆಚ್ಚಿನವರ ಹೆಂಡತಿಯರು ಯಹೂದಿಗಳಲ್ಲ. ಗಂಡ ಎಲ್ಲಿ ಅಂತ ಹುಡುಕಿಕೊಂಡು ಒಬ್ಬೊಬ್ಬರೇ ಬಂದರು. ಬಂದವರು ವಾಪಸ್ ಹೋಗಲಿಲ್ಲ. ಚಳಿಯಲ್ಲಿ ದಿನಗಟ್ಟಲೆ ನಿಂತರು. ನಮ್ಮ ಗಂಡಂದಿರನ್ನು ಬಿಡಿ ಅಂತ ಕೂಗಿದರು. ಒಳಗಿದ್ದವರಲ್ಲಿ ಹೆಚ್ಚಿನವರು ಬಿಡುಗಡೆಯಾದರು. ಬಿಟ್ಟದ್ದು ಆ ಕೂಗಿಗೇನಾ, ಬೇರೆ ಲೆಕ್ಕಾಚಾರಕ್ಕಾ ಅಂತ ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ. ಆ ಕಟ್ಟಡ ಈಗಿಲ್ಲ. ಕೆಂಪು ಕಲ್ಲಿನಲ್ಲಿ ಕೆತ್ತಿದ ಹೆಂಗಸರಿದ್ದಾರೆ. ಅವರಿಗೆ ಎತ್ತರದ ಪೀಠವಿಲ್ಲ. ಹತ್ತಿರ ಹೋಗಿ, ಪಕ್ಕದಲ್ಲೇ ನಿಲ್ಲಬಹುದು.

ನಮಸ್ಕಾರ.