ಡಿ ಒಂದರಲ್ಲೇ ಘಾಟಿ ಇಳೀಬೇಡಿ

ನಮಸ್ಕಾರ. ಇವತ್ತು ಒಂದೇ ಒಂದು ಅಕ್ಷರದ ಬಗ್ಗೆ ಮಾತಾಡ್ತೀನಿ. ನಿಮ್ಮ ಆಟೋಮ್ಯಾಟಿಕ್ ಕಾರಿನ ಗೇರ್ ಲಿವರ್ ಹತ್ರ ಒಂದ್ಸಲ ಕಣ್ಣು ಹಾಯಿಸಿ. ಡಿ, ಅಂದ್ರೆ ಕಾರು ತಾನೇ ಗೇರ್ ಬದಲಾಯಿಸೋ ಡ್ರೈವ್, ಅದರ ಪಕ್ಕದಲ್ಲೋ ಕೆಳಗೋ ಒಂದು ಎಂ (ಗೇರನ್ನ ನಾವೇ ಆರಿಸೋ ಮ್ಯಾನ್ಯುಯಲ್ ಮೋಡ್) ಇರುತ್ತೆ, ಇಲ್ಲಾ ಎಸ್ (ಸ್ಪೋರ್ಟ್) ಇರುತ್ತೆ, ಇಲ್ಲಾ ಬರೀ ಪ್ಲಸ್ಸು ಮೈನಸ್ಸು ಗುರುತು ಇರುತ್ತೆ. ಕಾರು ತಗೊಂಡು ಮೂರು ವರ್ಷ ಆದ್ರೂ ಅದನ್ನ ಮುಟ್ಟಿ ನೋಡದೇ ಇರೋರು ನನಗೆ ಗೊತ್ತಿರೋರಲ್ಲೇ ಎಷ್ಟೋ ಜನ ಇದ್ದಾರೆ. ಕೇಳಿದ್ರೆ, "ಅದೆಲ್ಲ ಜೋರಾಗಿ ಓಡ್ಸೋ ಹುಡುಗರಿಗೆ, ನಮಗ್ಯಾಕೆ" ಅಂತಾರೆ. ಮನೆಮಂದೀನೆಲ್ಲ ಕೂರಿಸ್ಕೊಂಡು, ಡಿಕ್ಕಿ ತುಂಬ ಲಗೇಜು ಹಾಕ್ಕೊಂಡು ಘಾಟಿ ಇಳಿಯೋರಿಗೆ ಆ ಎಂ ಬೇಕಾದಷ್ಟು ಇನ್ಯಾರಿಗೂ ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಮಳೆಗಾಲ ಮುಗಿಯೋ ಹೊತ್ತು. ಧರ್ಮಸ್ಥಳಕ್ಕೆ ಹೊರಟಿದ್ವಿ, ಕಾರಲ್ಲಿ ಐದು ಜನ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯೋಕೆ ಶುರು ಮಾಡಿದೆ. ಎದುರಿಗೆ ಮಂಜು, ರಸ್ತೆ ಒದ್ದೆ. ಗೇರು ಡಿನಲ್ಲಿ, ಕಾಲು ಬ್ರೇಕ್ ಮೇಲೆ. ಪಕ್ಕದ ಸೀಟಲ್ಲಿ ನಮ್ಮ ದೊಡ್ಡಪ್ಪ, ಇಪ್ಪತ್ತೈದು ವರ್ಷ ಮಂಗಳೂರು ಲೈನಲ್ಲಿ ಲಾರಿ ಓಡಿಸಿದವರು. ಅರ್ಧ ಘಾಟಿ ಇಳಿದಿರಬೇಕು, ಕಿಟಕಿ ಇಳಿಸಿ ಮೂಸಿ ನೋಡಿದ್ರು.

"ಲೋ, ಯಾಕೋ ಬ್ರೇಕ್ ಮೇಲೇ ನಿಂತಿದ್ದೀಯ? ಗೇರಿಗೆ ಹಾಕೋ."

"ಇದು ಆಟೋಮ್ಯಾಟಿಕ್ ದೊಡ್ಡಪ್ಪ. ಗೇರ್ ಹಾಕೋ ಹಾಗಿಲ್ಲ."

"ಗೇರಿಲ್ದೆ ಗಾಡಿ ಓಡುತ್ತೇನೋ? ಒಳಗೆಲ್ಲೋ ಇರುತ್ತೆ, ಹುಡುಕು. ಮೊದಲು ಸೈಡಿಗೆ ಹಾಕು."

ಜಾಗ ಇರೋ ಕಡೆ ನಿಲ್ಲಿಸಿದೆ. ನಿಲ್ಲಿಸೋವಾಗಲೇ ಗೊತ್ತಾಯ್ತು, ಬ್ರೇಕ್ ಪೆಡಲ್ಲು ಬೆಳಿಗ್ಗೆ ಹಿಡೀತಿದ್ದ ಜಾಗದಲ್ಲಿ ಹಿಡೀತಿಲ್ಲ, ಇನ್ನೂ ಒಳಗೆ ಹೋಗ್ತಿದೆ. ಇಳಿದು ನೋಡಿದ್ರೆ ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ. ಒಂದು ಗೇಣು ದೂರದಲ್ಲಿ ಕೈ ಹಿಡಿದ್ರೂ ಒಲೆ ಮುಂದೆ ಕೂತ ಹಾಗೆ ಕಾವು. ಬಾಟ್ಲಿ ನೀರು ಹುಯ್ಯೋಕೆ ಹೋದೆ, ದೊಡ್ಡಪ್ಪ ಕೈ ಹಿಡಿದು ತಡೆದ್ರು. ಅವರು ತಡೆದದ್ದು ಸರಿ. ಅಷ್ಟು ಕಾದ ಡಿಸ್ಕಿಗೆ ತಣ್ಣೀರು ಬಿದ್ರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಅರ್ಧ ಗಂಟೆ ಅಲ್ಲೇ ಕೂತ್ವಿ. ಆ ಅರ್ಧ ಗಂಟೇಲಿ ನಾನು ಮೊದಲ ಸಲ ಕಾರಿನ ಮ್ಯಾನ್ಯುಯಲ್ ಪುಸ್ತಕ ತೆಗೆದು ಓದಿದೆ.

ಈಗ ಲೆಕ್ಕ ನೋಡಿ. ಕಾರು, ಜನ, ಲಗೇಜು ಎಲ್ಲ ಸೇರಿ 1500 ಕೆಜಿ ಅಂದ್ಕೊಳ್ಳಿ. ಘಾಟಿಯ ಇಳಿತ 500 ಮೀಟರ್ ಅಂದ್ಕೊಳ್ಳಿ. ಅಷ್ಟು ಭಾರ ಅಷ್ಟು ಎತ್ತರದಿಂದ ಕೆಳಗೆ ಬಂದಾಗ ಸುಮಾರು 73 ಲಕ್ಷ ಜೂಲ್ ಶಕ್ತಿ ಎಲ್ಲಿಗಾದ್ರೂ ಹೋಗಲೇಬೇಕು. 20 ಲೀಟರ್‌ಗಿಂತ ಜಾಸ್ತಿ ತಣ್ಣೀರನ್ನ ಕುದಿಯೋ ಮಟ್ಟಕ್ಕೆ ತರೋ ಅಷ್ಟು ಕಾವು ಅದು. ಬರೀ ಬ್ರೇಕಲ್ಲೇ ಇಳಿದ್ರೆ ಬಹುಪಾಲು ಹೋಗೋದು ನಾಲ್ಕು ಚಕ್ರದ ಬ್ರೇಕುಗಳಿಗೆ, ಅದರಲ್ಲೂ ಹೆಚ್ಚು ಮುಂದಿನ ಎರಡಕ್ಕೆ. ಪ್ಯಾಡು ಕಾದು ಹಿಡಿತ ಕಳ್ಕೊಳ್ಳುತ್ತೆ. ಅದಕ್ಕಿಂತ ಭಯದ್ದು ಬ್ರೇಕ್ ಆಯಿಲ್ಲು. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯಲ್ಲ. ಆದರೆ ಅದು ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ, ತೇವ ಸೇರಿದ್ರೆ 140ಕ್ಕೇ ಕುದಿಯಬಹುದು. ಕುದಿದ್ರೆ ಪೈಪಲ್ಲಿ ಆವಿ ತುಂಬುತ್ತೆ, ಪೆಡಲ್ ಒತ್ತಿದ್ರೆ ಆ ಆವಿ ಕುಗ್ಗುತ್ತೆ ಅಷ್ಟೇ, ಚಕ್ರಕ್ಕೆ ಬಲ ತಲುಪಲ್ಲ. ಮಲೆನಾಡು, ಕರಾವಳಿ ಕಡೆ ಇರೋರು ಆ ಆಯಿಲ್ಲನ್ನ ಎರಡು ವರ್ಷಕ್ಕೊಮ್ಮೆ ಮರೀದೇ ಬದಲಾಯಿಸಿ.

ಹಾಗಾದ್ರೆ ಡಿನಲ್ಲಿದ್ದಾಗ ಇಂಜಿನ್ನು ಯಾಕೆ ಕಾರನ್ನ ತಡೆಯಲ್ಲ? ಡಿ ನೋಡ್ಕೊಳ್ಳೋದು ಮುಖ್ಯವಾಗಿ ಮೈಲೇಜು. ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೆ, ಇವನಿಗೆ ಬಲ ಬೇಕಾಗಿಲ್ಲ ಅಂತ ಗೇರ್‌ಬಾಕ್ಸಿನ ಕಂಪ್ಯೂಟರ್ರು ನಾಲ್ಕು, ಐದು ಅಂತ ಮೇಲಿನ ಗೇರಿಗೆ ಹೋಗುತ್ತೆ. ಇಳಿಜಾರು ಗುರುತಿಸಿ ಕೆಳಗಿನ ಗೇರಲ್ಲೇ ಹಿಡಿಯೋ ಕಾರುಗಳೂ ಇವೆ. ಆದರೆ ಮುಂದೆ ಬರೋ ತಿರುವು ಸಾಮಾನ್ಯ ಕಾರಿನ ಗೇರ್‌ಬಾಕ್ಸ್ ಕಂಪ್ಯೂಟರಿಗೆ ಕಾಣಲ್ಲ, ನಿಮಗೆ ಕಾಣುತ್ತೆ. ಎಂಗೆ ಹಾಕಿ ಎರಡನೇ ಗೇರಿಗೆ ಇಳಿಸಿದ್ರೆ ಇಂಜಿನ್ನೇ ಗಾಡಿನ ಹಿಡ್ಕೊಳ್ಳುತ್ತೆ. ಲಾರಿ ಡ್ರೈವರುಗಳು ಹೇಳ್ತಾರಲ್ಲ, ಹತ್ತಿದ ಗೇರಲ್ಲೇ ಇಳೀಬೇಕು ಅಂತ, ಅದು ಆಟೋಮ್ಯಾಟಿಕ್‌ಗೂ ಅಷ್ಟೇ ನಿಜ. ಆವತ್ತು ಉಳಿದ ಘಾಟಿಯನ್ನ ಎರಡರಲ್ಲೇ ಇಳಿಸಿದೆ. ತಿರುವಿಗೆ ಮುಂಚೆ ಬ್ರೇಕಿಗೆ ಒಂದು ಸಣ್ಣ ಒತ್ತು, ಅಷ್ಟೇ ಸಾಕಾಯ್ತು.

ಎರಡಕ್ಕೆ ಇಳಿಸಿದಾಗ ಇಂಜಿನ್ ಸದ್ದು ಜೋರಾಗುತ್ತೆ, ಹಿಂದೆ ಕೂತಿದ್ದ ಅಮ್ಮ ಗಾಬರಿಯಾದ್ರು. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತಿದೆ ಅಂತ ತೋರಿಸೋ ಮೀಟರಿನ ಮುಳ್ಳು 3500ರ ಹತ್ರ ಇರುತ್ತೆ. ಪೆಟ್ರೋಲ್ ಇಂಜಿನ್ನಿಗೆ ಅದು ಏನೇನೂ ಅಲ್ಲ, ಕೆಂಪು ಗೆರೆ 6000ದ ಆಚೆ ಎಲ್ಲೋ ಇರುತ್ತೆ. ತಪ್ಪಿ ಒಂದಕ್ಕೆ ಇಳಿಸೋಕೆ ಹೋದ್ರೆ, ವೇಗ ಜಾಸ್ತಿ ಇದ್ರೆ ಕಾರೇ ಒಪ್ಪಲ್ಲ. ಪೆಟ್ರೋಲ್ ಸುರೀತಾ ಇದೆ ಅನ್ನೋ ಚಿಂತೆಯೂ ಬೇಡ. ಕಾಲು ತೆಗೆದು ಗೇರಲ್ಲಿ ಇಳೀತಿರೋವಾಗ ಈಗಿನ ಇಂಜಿನ್ನುಗಳು ಪೆಟ್ರೋಲ್ ಹನಿಸೋದನ್ನೇ ನಿಲ್ಲಿಸ್ತವೆ, ಚಕ್ರವೇ ಇಂಜಿನ್ನನ್ನ ತಿರುಗಿಸ್ತಿರುತ್ತೆ. ಅದೇ ಉಳಿತಾಯ ಅಂತ ನ್ಯೂಟ್ರಲ್ ಮಾಡಿ ಇಳಿಸ್ತಾರಲ್ಲ, ಆಗ ಇಂಜಿನ್ ಐಡಲ್‌ನಲ್ಲಿ ಓಡೋಕೆ ಪೆಟ್ರೋಲ್ ಖರ್ಚಾಗುತ್ತೆ, ಹಿಡಿತವೂ ಹೋಗುತ್ತೆ. ದಯವಿಟ್ಟು, ದಯವಿಟ್ಟು ನ್ಯೂಟ್ರಲ್ಲಲ್ಲಿ ಘಾಟಿ ಇಳೀಬೇಡಿ.

ಎರಡು ಎಚ್ಚರ. ಗೇರಲ್ಲಿ ನಿಧಾನ ಆದಾಗ ಹಿಂದಿನ ಕೆಂಪು ದೀಪ ಹತ್ತಲ್ಲ, ಹಾಗಾಗಿ ಮಂಜಲ್ಲಿ ಹಿಂದೆ ಗಾಡಿ ಇದ್ರೆ ಬ್ರೇಕನ್ನ ಮೆಲ್ಲಗೆ ತಟ್ಟಿ ಸೂಚನೆ ಕೊಡಿ. ಇನ್ನೊಂದು, ಗೇರ್ ಇಳಿಸೋದು ತಿರುವಿಗೆ ಮುಂಚೆ. ಆಗುಂಬೆಯ ಹೇರ್‌ಪಿನ್ ತಿರುವಿನ ಮಧ್ಯದಲ್ಲಿ, ಮಳೆಯಲ್ಲಿ, ಸ್ಟೀರಿಂಗ್ ತಿರುಗಿಸಿರೋವಾಗ ಗೇರ್ ಇಳಿಸಿದ್ರೆ ಮುಂದಿನ ಚಕ್ರ ಜಾರಬಹುದು.

ಸಿವಿಟಿ ಅನ್ನೋ ಬಗೆಯ ಆಟೋಮ್ಯಾಟಿಕ್ ಕಾರಿದ್ದೋರು, ನಮ್ಮದರಲ್ಲಿ ಗೇರೇ ಇಲ್ವಲ್ಲ ಅಂತೀರ. ನಿಜ, ಒಳಗಿರೋದು ಬೆಲ್ಟು, ಪುಲ್ಲಿ. ಆದರೂ ಎಲ್ (ಲೋ) ಅಥವಾ ಎಸ್‌ಗೆ ಹಾಕಿದ್ರೆ ಅದೇ ಕೆಲಸ ಆಗುತ್ತೆ. ಎಲೆಕ್ಟ್ರಿಕ್ ಕಾರಲ್ಲಿ ರೀಜನ್, ಅಂದ್ರೆ ಕಾರನ್ನ ತಡೀತಾ ಬ್ಯಾಟರಿಗೆ ಕರೆಂಟ್ ತುಂಬೋ ವ್ಯವಸ್ಥೆ, ಜಾಸ್ತಿ ಇಟ್ಕೊಳ್ಳಿ, ಆದರೆ ಬೆಟ್ಟದ ಮೇಲೆ 100 ಪರ್ಸೆಂಟ್ ಚಾರ್ಜ್ ಮಾಡ್ಕೊಂಡು ಇಳಿಯೋಕೆ ಹೊರಡಬೇಡಿ. ಬ್ಯಾಟರಿ ತುಂಬಿದ್ರೆ ರೀಜನ್ನಿಂದ ಬರೋ ಕರೆಂಟಿಗೆ ಜಾಗ ಇರಲ್ಲ.

ಇನ್ನು ಸ್ಪೋರ್ಟ್ ಮೋಡ್. ಅದರಿಂದ ಇಂಜಿನ್ನಿಗೆ ಹೊಸದಾಗಿ ಒಂದು ಕುದುರೆಯಷ್ಟು ಬಲವೂ ಸೇರಲ್ಲ. ಗೇರನ್ನ ಜಾಸ್ತಿ ಹೊತ್ತು ಹಿಡಿದಿಡುತ್ತೆ, ಕಾಲಿಗೆ ಬೇಗ ಸ್ಪಂದಿಸುತ್ತೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅದನ್ನ ಹಾಕ್ಕೊಂಡು ಪೆಟ್ರೋಲ್ ಸುಡೋದ್ರಲ್ಲಿ ಅರ್ಥ ಇಲ್ಲ. ಎರಡು ಲೇನಿನ ರಸ್ತೆಯಲ್ಲಿ ಲಾರಿ ಓವರ್‌ಟೇಕ್ ಮಾಡೋವಾಗ ಮಾತ್ರ ಅದು ಬೇಕೇ ಬೇಕು. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಬಂದ್ಮೇಲೆ ಆಟೋಮ್ಯಾಟಿಕ್ ಅನ್ನೋದು ಸಣ್ಣ ಕಾರಿಗೂ ಬಂತು, ಮಧ್ಯಮ ವರ್ಗದ ಮನೆಗಳಿಗೂ ಬಂತು. ತುಂಬಾ ಸಂತೋಷದ ವಿಷಯ. ಆದರೆ ಎಎಂಟಿ ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತೋದು ಯಂತ್ರ. ಓವರ್‌ಟೇಕಿಗೆ ಅಂತ ಬಲಕ್ಕೆ ಬಂದು ಆಕ್ಸಿಲರೇಟರ್ ಒತ್ತಿದಾಗ ಅದು ಕ್ಲಚ್ ಬಿಡಿಸಿ, ಗೇರ್ ಇಳಿಸಿ, ಮತ್ತೆ ಹಿಡಿಯೋಷ್ಟು ಹೊತ್ತು ಕಾರಿಗೆ ಎಳೆತ ಇರಲ್ಲ. ಎದುರಿಂದ ಬಸ್ಸು ಬರ್ತಿದ್ರೆ ಆ ಒಂದು ಕ್ಷಣ ಬಹಳ ದೊಡ್ಡದು. ಲಾರಿ ಹಿಂದೆ ಇರೋವಾಗಲೇ ಎಂಗೆ ಹಾಕಿ ಒಂದು ಗೇರ್ ಇಳಿಸ್ಕೊಂಡು, ಆಮೇಲೆ ಬಲಕ್ಕೆ ಬನ್ನಿ.

ನನಗೆ ಬೇಜಾರಾಗೋದು ಇಲ್ಲಿ. ಕಾರು ಕೊಟ್ಟ ದಿನ ಶೋರೂಮಲ್ಲಿ ಹಾರ ಹಾಕಿದ್ರು, ದೊಡ್ಡ ಕೀ ಹಿಡಿಸಿ ಫೋಟೋ ತೆಗೆದ್ರು, ಬ್ಲೂಟೂತ್ ಜೋಡಿಸೋದನ್ನ ಹತ್ತು ನಿಮಿಷ ಹೇಳ್ಕೊಟ್ರು. ಗೇರ್ ಲಿವರ್ ತೋರಿಸಿ, "ಡಿಗೆ ಹಾಕ್ಬಿಡಿ ಸಾರ್, ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ" ಅಂದ್ರು. ಘಾಟಿ ಇರೋ ನಾಡಲ್ಲಿ ಆಟೋಮ್ಯಾಟಿಕ್ ಮಾರೋರು ಎಂ ಬಗ್ಗೆ ಐದು ನಿಮಿಷ ಹೇಳಲೇಬೇಕು. ಅವರು ಹೇಳದಿದ್ರೆ ನೀವೇ ಬಾಯಿಬಿಟ್ಟು ಕೇಳಿ.

ಘಾಟಿಗೆ ಹೋಗೋ ಮುಂಚೆ ಊರಾಚೆ ಖಾಲಿ ರಸ್ತೆಯಲ್ಲಿ ಒಂದ್ಸಲ ಅಭ್ಯಾಸ ಮಾಡಿ. ಕೆಲವು ಕಾರಲ್ಲಿ ಲಿವರ್ ಮುಂದೆ ತಳ್ಳಿದ್ರೆ ಪ್ಲಸ್ಸು, ಕೆಲವದರಲ್ಲಿ ಹಿಂದಕ್ಕೆ ಎಳೆದ್ರೆ ಪ್ಲಸ್ಸು, ನಿಮ್ಮದು ಯಾವುದು ಅಂತ ಕೈಗೆ ರೂಢಿ ಆಗಲಿ. ಇಳಿದು ಮುಗಿದ್ಮೇಲೆ ವಾಪಸ್ ಡಿಗೆ ಹಾಕೋದನ್ನ ಮರೀಬೇಡಿ. ಆವತ್ತು ನಾನು ಮರೆತಿದ್ದೆ. ಉಜಿರೆ ಹತ್ರ ಬಂದಾಗ ದೊಡ್ಡಪ್ಪ ಮೀಟರ್ ಕಡೆ ಬೆರಳು ತೋರಿಸಿ, "ಘಾಟಿ ಮುಗೀತಲ್ಲೋ, ಇನ್ನು ಬಿಡು ಅದನ್ನ" ಅಂದ್ರು.